ಹೊರದೇಶದ ಮಿಷನ್: ನಮ್ಮ ಕರಾವಳಿಯ ಚರ್ಚುಗಳು ಮತ್ತೆ ಜನರನ್ನು ಕಳಿಸಬೇಕು

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಕ್ಕೆ ಒಂದು ವಾರ ಮೊದಲು ಮಿಷನ್ ಭಾನುವಾರ, ಅಂದರೆ ನಂಬಿಕೆ ಸಾರಲು ಹೊರಗೆ ಹೋದವರಿಗಾಗಿ ಚರ್ಚ್ ಇಟ್ಟ ದಿನ, ಬರುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಘಟ್ಟ ಹತ್ತಿದರೆ ಶಿರಸಿ, ಯಲ್ಲಾಪುರ, ಹಳಿಯಾಳ, ಎಲ್ಲ ಕಡೆ ಅವತ್ತು ಪೂಜೆಯಲ್ಲಿ ವಿಶೇಷ ಕಾಣಿಕೆ ಎತ್ತುತ್ತಾರೆ. ನಾವೂ ಹಾಕುತ್ತೇವೆ. ಆಮೇಲೆ ಮುಂದಿನ ಅಕ್ಟೋಬರ್‌ವರೆಗೆ ಆ ಮಾತು ಎತ್ತುವವರು ಕಡಿಮೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ, ಯಾರು ಹೋಗುತ್ತಾರೆ, ಹೋದವರು ಅಲ್ಲಿ ದಿನವಿಡೀ ಏನು ಮಾಡುತ್ತಾರೆ ಅಂತ ಕೇಳಿದರೆ ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕೆಲಸದ ಮೇಲೆ ಪ್ರೀತಿ ಹುಟ್ಟುವುದು ಕಷ್ಟ, ಅಲ್ವಾ?

ನಾನು ಹೇಳಬೇಕಾದ್ದು ಇಷ್ಟು. ಹೊರದೇಶದ ಮಿಷನ್ ಅಂದರೆ ಯುರೋಪಿನವರು ಬಿಳಿ ನಿಲುವಂಗಿ ಹಾಕಿಕೊಂಡು ಹಡಗು ಹತ್ತಿ ಬಂದ ಹಳೇ ಕಥೆ ಮಾತ್ರ ಅಲ್ಲ. ಈಗ ಅದು ನಮ್ಮ ಪಾಳಿ. ಅದರಲ್ಲೂ ಹೋಗುವ ಒಬ್ಬರಿಗಿಂತ ಕಳಿಸುವ ಇಡೀ ಊರಿನ ಕೆಲಸ ಜಾಸ್ತಿ.

ಮೊದಲು ಮಿಷನ್ ಯಾವುದು ಅನ್ನುವುದನ್ನು ಬಿಡಿಸಿ ನೋಡೋಣ. 1990ರಲ್ಲಿ ಪೋಪ್ 2ನೇ ಜಾನ್ ಪೌಲ್ ಮಿಷನ್ ಬಗ್ಗೆ ಒಂದು ದೊಡ್ಡ ಪತ್ರ ಬರೆದರು. ಅದರಲ್ಲಿ ಅವರು ಮೂರು ಪರಿಸ್ಥಿತಿಗಳನ್ನು ಬೇರೆ ಬೇರೆ ಮಾಡಿ ತೋರಿಸುತ್ತಾರೆ. ಯೇಸುವಿನ ಹೆಸರು ಇನ್ನೂ ಸರಿಯಾಗಿ ಕೇಳದ ಜನರ ನಡುವೆ ಹೋಗುವುದು ಒಂದು. ಗಟ್ಟಿಯಾಗಿ ನೆಲೆಗೊಂಡ ಸಮುದಾಯವನ್ನು ನೋಡಿಕೊಳ್ಳುವುದು ಇನ್ನೊಂದು, ಅಂದರೆ ನಮ್ಮ ಊರಿನ ಫಾದರ್ ದಿನಾ ಮಾಡುವ ಕೆಲಸ. ಮೂರನೆಯದು, ಒಂದು ಕಾಲಕ್ಕೆ ತುಂಬು ನಂಬಿಕೆ ಇದ್ದು ಈಗ ತಣ್ಣಗಾಗಿರುವ ದೇಶಗಳು. ಸುಮ್ನೆ ಪುಸ್ತಕದ ಲೆಕ್ಕಕ್ಕೆ ಮಾಡಿದ ವಿಂಗಡಣೆ ಅಲ್ಲ ಇದು. ಭಾರತದಿಂದ ಜರ್ಮನಿಗೆ ಹೋಗಿ ಚರ್ಚ್ ನಡೆಸುವ ಫಾದರ್‌ಗಳು ಬಹಳ ಇದ್ದಾರೆ, ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ಸಿಸ್ಟರ್‌ಗಳೂ ಇದ್ದಾರೆ. ಅವರ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುರುಗಳ, ಅಂದರೆ ಫಾದರ್‌ಗಳ, ಕೊರತೆ ಇರುವ ಕಡೆ ಖಾಲಿ ಜಾಗ ತುಂಬಿದ ಮಾತ್ರಕ್ಕೆ ಮಿಷನ್ ಆಯಿತು ಅಂತ ನಾವು ನಿಶ್ಚಿಂತೆಯಿಂದ ಕೂರಬಾರದು. ಅನುಕೂಲ ಇರುವ ದೇಶಕ್ಕೆ ಹೋಗಲು ಜನ ಸಿಗುತ್ತಾರೆ. ಕರೆಂಟ್ ಇಲ್ಲದ, ಮಲೇರಿಯಾ ಇರುವ, ಭಾಷೆಗೆ ಪಠ್ಯಪುಸ್ತಕವೇ ಇಲ್ಲದ ಜಾಗಕ್ಕೆ ಸಿಗುವವರು ಕಡಿಮೆ, ಮತ್ತು ಮೊದಲನೇ ಗುಂಪಿನ ಕೆಲಸ ಬಾಕಿ ಬಿದ್ದಿರುವುದು ಹೆಚ್ಚಾಗಿ ಅಂಥ ಕಡೆಯೇ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. "ಇಲ್ಲೇ ಇಷ್ಟು ಕೆಲಸ ಬಿದ್ದಿದೆ, ಹೊರದೇಶ ಯಾಕೆ?" ನ್ಯಾಯವಾದ ಪ್ರಶ್ನೆ. ಕಾರವಾರ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ, ಬೆಳಗಾವಿಯಿಂದ ಬೇರೆಯಾಗಿದ್ದು 1976ರಲ್ಲಿ. ದೊಡ್ಡದಲ್ಲ, ಶ್ರೀಮಂತವೂ ಅಲ್ಲ. ಕಾಡಿನೊಳಗಿನ ಊರುಗಳು, ದೂರದ ಸಿದ್ದಿ ಮನೆಗಳು, ಮಳೆಗಾಲದಲ್ಲಿ ಬೋಟ್ ನಿಂತಾಗ ಕೈ ಖಾಲಿಯಾಗುವ ಮೀನುಗಾರ ಕುಟುಂಬಗಳು, ಕಲಿಸಬೇಕಾದ ಮಕ್ಕಳು, ಎಲ್ಲ ಇಲ್ಲೇ ಇವೆ. ಇದನ್ನೆಲ್ಲ ಬಿಟ್ಟು ಹೋಗಿ ಅಂತ ಯಾರೂ ಹೇಳುತ್ತಿಲ್ಲ.

ಆದರೆ ಬೈಬಲಿನ ಅಪೊಸ್ತಲರ ಕಾರ್ಯಗಳು 13ನೇ ಅಧ್ಯಾಯ ತೆಗೆದು ಓದಿ. ಅಂತಿಯೋಕ್ಯ ಅನ್ನುವ ಊರಿನ ಸಭೆ, ಅಂದರೆ ಕ್ರೈಸ್ತ ಸಮುದಾಯ, ಆಗಿನ್ನೂ ಹೊಸದು. ಹೇಳಿಕೊಳ್ಳುವಂಥ ಮುಖಂಡರ ಹೆಸರು ಅಲ್ಲಿ ಐದೇ ಐದು. ಆ ಐವರಲ್ಲಿ ಇಬ್ಬರನ್ನು, ಬಾರ್ನಬನನ್ನೂ ಸೌಲನನ್ನೂ (ಮುಂದೆ ಪೌಲ ಅನಿಸಿಕೊಂಡವನು), ಉಪವಾಸ ಮಾಡಿ, ಪ್ರಾರ್ಥಿಸಿ, ತಲೆ ಮೇಲೆ ಕೈಯಿಟ್ಟು ಕಳಿಸಿಬಿಟ್ಟರು. ಉಳಿದ ಕೆಲಸ ಮುಗಿಸಿ ಆಮೇಲೆ ಕಳಿಸೋಣ ಅನ್ನಲಿಲ್ಲ. ಮಿಕ್ಕಿದವರನ್ನು ಕಳಿಸಲಿಲ್ಲ, ತಮಗೇ ಬೇಕಾದವರನ್ನು ಕಳಿಸಿದರು. ನಂಬಿಕೆಯನ್ನು ಬೇರೆಯವರಿಗೆ ಕೊಟ್ಟಾಗಲೇ ಅದು ಗಟ್ಟಿಯಾಗುತ್ತದೆ ಅಂತ ಆ 1990ರ ಪತ್ರದಲ್ಲೂ ಇದೆ. ಊರಿನ ಕೆಲಸಕ್ಕೆ ಜನ ಸಿಗದಿರುವುದಕ್ಕೂ ಹೊರಗೆ ಕಳಿಸದೇ ಇರುವುದಕ್ಕೂ ಸಂಬಂಧ ಇದೆ ಅಂತ ನನಗೆ ಅನಿಸುತ್ತದೆ. ಪ್ರಾಣ ಒತ್ತೆಯಿಟ್ಟು ಮಾಡುವ ಕೆಲಸವನ್ನೇ ಕಣ್ಣಾರೆ ನೋಡದ ಹುಡುಗ ಹುಡುಗಿಯರು ಸಣ್ಣ ಕೆಲಸಕ್ಕಾದರೂ ಯಾಕೆ ಮುಂದೆ ಬರುತ್ತಾರೆ?

ಇದಕ್ಕೆ ನಮ್ಮ ಕರಾವಳಿಯಲ್ಲೇ ಒಬ್ಬರು ಸಾಕ್ಷಿ ಇದ್ದಾರೆ. ಸಂತ ಜೋಸೆಫ್ ವಾಜ್. 1651ರಲ್ಲಿ ಗೋವಾದ ಬೆನಾವ್ಲಿಯಲ್ಲಿ ಹುಟ್ಟಿದವರು, ಮನೆಮಾತು ನಮ್ಮದೇ ಕೊಂಕಣಿ. 1681ರಲ್ಲಿ ಅವರನ್ನು ಕೆನರಾಕ್ಕೆ ಕಳಿಸಿದರು. ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿ, ಮಂಗಳೂರು, ಹೀಗೆ ಓಡಾಡಿ ಬಿದ್ದುಹೋಗಿದ್ದ ಚರ್ಚುಗಳನ್ನು ಎಬ್ಬಿಸಿದರು. ಆಗ ಇಲ್ಲಿ ಪೋರ್ಚುಗೀಸ್ ರಾಜನ ಕಡೆಯವರಿಗೂ ರೋಮ್ ನೇಮಿಸಿದ ಬಿಷಪ್ ಕಡೆಯವರಿಗೂ ಅಧಿಕಾರ ಯಾರದು ಅಂತ ಜಗಳ. ಅದರ ನಡುವೆ ಸಿಕ್ಕಿಕೊಂಡು ಕೆಲಸ ಮಾಡಿದವರು ವಾಜ್. ಅಂದರೆ 'ಇಲ್ಲೇ ಬೇಕಾದಷ್ಟು ಕೆಲಸ ಇದೆ' ಅನ್ನುವ ಮಾತು ಅವರ ಕಾಲಕ್ಕೂ ಪೂರ್ತಿ ನಿಜವಾಗಿತ್ತು.

ಅತ್ತ ಶ್ರೀಲಂಕಾದಲ್ಲಿ ಬೇರೆ ಪರಿಸ್ಥಿತಿ. ಡಚ್ಚರು 1656ರಲ್ಲಿ ಕೊಲಂಬೊ ಹಿಡಿದರು, 1658ರಲ್ಲಿ ಜಾಫ್ನಾ. ಕಥೋಲಿಕ ಗುರುಗಳಿಗೆ ದ್ವೀಪದಲ್ಲಿ ಜಾಗವಿಲ್ಲ ಅಂತ ಕಾನೂನು ಮಾಡಿದರು. ಸುಮಾರು ಮೂವತ್ತು ವರ್ಷ ಅಲ್ಲಿನ ಕಥೋಲಿಕರು ಗುರುಗಳಿಲ್ಲದೆ ಕಳೆದರು. ಈ ಸುದ್ದಿ ಗೋವಾಕ್ಕೆ ಮುಟ್ಟಿತ್ತು. ಬಿಳಿಯ ಗುರುಗಳು ಹೋದರೆ ತಕ್ಷಣ ಸಿಕ್ಕಿಬೀಳುತ್ತಾರೆ. ವಾಜ್ ಒಬ್ಬ ಸಹಾಯಕನ ಜೊತೆ ಕೂಲಿಯವರ ವೇಷದಲ್ಲಿ ಹೊರಟರು, ನಿಲುವಂಗಿಯನ್ನು ಬಿಟ್ಟು, ಬರಿಗಾಲಲ್ಲಿ. 1687ರಲ್ಲಿ ಜಾಫ್ನಾ ತಲುಪಿದಾಗ ಮೈಯಲ್ಲಿ ಶಕ್ತಿ ಇರಲಿಲ್ಲ, ಭೇದಿಯಾಗಿ ಬಿದ್ದಿದ್ದರು. ಸುಧಾರಿಸಿಕೊಂಡ ಮೇಲೆ ಕಥೋಲಿಕರು ಯಾರು ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ? ಕೇಳುವ ಹಾಗಿಲ್ಲ, ಕೇಳಿದರೆ ಸಿಕ್ಕಿಬೀಳುತ್ತಾರೆ. ಕುತ್ತಿಗೆಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಕೆಲವರು ಸುಮ್ಮನೆ ಭಿಕ್ಷೆ ಹಾಕಿದರು. ಜಪಮಾಲೆಯ ಮೇಲೆ ಕಣ್ಣು ನಿಂತವರನ್ನು ಅವರು ಗುರುತಿಟ್ಟುಕೊಂಡರು. ಹಾಗೆ ಒಂದೊಂದೇ ಮನೆಯಿಂದ ಸಭೆಯನ್ನು ಮತ್ತೆ ಕೂಡಿಸಿದರು. ದ್ವೀಪದ ನಡುವಿನ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರ ಅಂತ ಹಿಡಿದು ಸೆರೆಗೆ ಹಾಕಿದರು. 1697ರಲ್ಲಿ ಅಲ್ಲಿ ಸಿಡುಬು ಹರಡಿತು. ಮನೆಯವರೇ ಬಿಟ್ಟುಹೋದ ರೋಗಿಗಳನ್ನು, ಯಾವ ಧರ್ಮ ಅಂತ ನೋಡದೆ, ಅವರು ಆರೈಕೆ ಮಾಡಿದರು. ತಮಿಳು ಕಲಿತರು, ಸಿಂಹಳ ಕಲಿತರು. 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡರು, ಊರಿಗೆ ಬರಲೇ ಇಲ್ಲ. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊಕ್ಕೆ ಬಂದು ಅವರನ್ನು ಸಂತರೆಂದು ಸಾರಿದರು.

ಅವರ ಹಿಂದೆಯೇ ಗೋವಾದಿಂದ ಬೇರೆ ಗುರುಗಳೂ ಹೋದರು. 1705ರಲ್ಲಿ ಹೋದ ಜಾಕೋಮೆ ಗೊನ್ಸಾಲ್ವಿಸ್ ಸಿಂಹಳದಲ್ಲಿ ಬರೆದ ಪುಸ್ತಕಗಳಿಗೆ ಆ ಭಾಷೆಯ ಸಾಹಿತ್ಯದಲ್ಲಿ ಇವತ್ತಿಗೂ ಜಾಗ ಇದೆ. ಇವರೆಲ್ಲ ಗೋವಾದ ಒರೆಟರಿ ಅನ್ನುವ ಗುರುಗಳ ಮಠದವರು. ಅದು ಇಲ್ಲಿನ ಗುರುಗಳೇ ಕಟ್ಟಿಕೊಂಡ ಮಠ, ಅಲ್ಲಿದ್ದವರೆಲ್ಲ ಭಾರತೀಯರು. ಮುನ್ನೂರು ವರ್ಷಕ್ಕೂ ಹಿಂದೆ, ಯುರೋಪಿನವರ ಕೈಯಲ್ಲಿ ಎಲ್ಲ ಅಧಿಕಾರ ಇದ್ದ ಕಾಲದಲ್ಲಿ, ನಮ್ಮ ಕರಾವಳಿಯ ಜನ ಸಮುದ್ರ ದಾಟಿ ಒಂದು ದ್ವೀಪದ ಸಭೆಯನ್ನು ಉಳಿಸಿದ್ದಾರೆ. ಹೊನ್ನಾವರ ತಾಲೂಕಿನ ಗುಂಡಬಾಳಕ್ಕೆ ಸಂತ ಝೇವಿಯರರ ಹತ್ತಿರ ಹರಕೆ ಹೊತ್ತು ಹೋಗುವ ನಾವು ಜೋಸೆಫ್ ವಾಜರ ಕಥೆಯನ್ನೂ ಮಕ್ಕಳಿಗೆ ಅಷ್ಟೇ ಪ್ರೀತಿಯಿಂದ ಹೇಳಬೇಕು. ಝೇವಿಯರ್ ನಮ್ಮ ಕಡೆಗೆ ಬಂದವರು, ವಾಜ್ ನಮ್ಮ ಕಡೆಯಿಂದ ಹೋದವರು.

ಪಡೆದ ಲೆಕ್ಕವನ್ನೂ ಮರೆಯುವಂತಿಲ್ಲ. ಪ್ರೊಟೆಸ್ಟೆಂಟ್ ಸಭೆಗಳ ಕಡೆ ನೋಡಿದರೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದರು, ಕನ್ನಡದ ಮೊದಲ ಪತ್ರಿಕೆ. 1853ರಲ್ಲಿ ಬಂದ ಕಿಟ್ಟೆಲ್ 1894ರಲ್ಲಿ ಕನ್ನಡ ನಿಘಂಟು ಕೊಟ್ಟರು. ಇವರಿಗೆ ಅನ್ನ ಹಾಕಿದ್ದು ಯಾವ ರಾಜನೂ ಅಲ್ಲ. ಸ್ವಿಟ್ಜರ್‌ಲೆಂಡಿನ, ದಕ್ಷಿಣ ಜರ್ಮನಿಯ ಹಳ್ಳಿ ಮನೆಗಳಿಂದ ವಾರವಾರ ಎತ್ತಿದ ಚಿಲ್ಲರೆ ಕಾಸು. ಆ ಮನೆಯವರು ಮಂಗಳೂರನ್ನಾಗಲೀ ಧಾರವಾಡವನ್ನಾಗಲೀ ಕಂಡವರಲ್ಲ. ಅವರು ಕಳಿಸಿದ್ದರಿಂದ ನಮ್ಮ ಭಾಷೆಗೇ ಲಾಭವಾಯಿತು.

ಇನ್ನೊಂದು ಬದಿಯನ್ನೂ ನೇರವಾಗಿ ಹೇಳಬೇಕು. ಗೋವಾದ ಇನ್‌ಕ್ವಿಸಿಷನ್, ಅಂದರೆ ನಂಬಿಕೆಯ ತಪ್ಪು ಹುಡುಕಿ ಶಿಕ್ಷೆ ಕೊಡುತ್ತಿದ್ದ ಚರ್ಚ್ ನ್ಯಾಯಾಲಯ, 1560ರಲ್ಲಿ ಶುರುವಾಯಿತು. ಅದರ ಭಯ, ತೆರಿಗೆ, ಯುದ್ಧ, ಬರ, ಹೀಗೆ ಹಲವು ಕಾರಣಕ್ಕೆ ಗೋವಾ ಬಿಟ್ಟು ಕೆನರಾಕ್ಕೆ ಇಳಿದ ಮನೆತನಗಳು ನಮ್ಮ ಸುತ್ತಲೇ ಇವೆ, ಹಿಂದೂಗಳದ್ದೂ, ಕ್ರೈಸ್ತರದ್ದೂ. ಬಲದಿಂದ ಮಾಡಿದ ಕೆಲಸದ ಗಾಯ ಎಷ್ಟು ಕಾಲ ಇರುತ್ತದೆ ಅಂತ ನಮ್ಮ ಪಕ್ಕದ ಮನೆಯವರಿಗೆ ಗೊತ್ತು, ನಮಗೂ ಗೊತ್ತಿರಬೇಕು. ಜಗತ್ತಿನ ಕಥೋಲಿಕ ಬಿಷಪ್‌ಗಳು ಸೇರಿದ್ದ 2ನೇ ವ್ಯಾಟಿಕನ್ ಸಭೆ 1965ರಲ್ಲಿ ಹೊರಡಿಸಿದ ಮಿಷನ್ ದಾಖಲೆ ಇದನ್ನು ಖಡಾಖಂಡಿತವಾಗಿ ಹೇಳುತ್ತದೆ: ನಂಬಿಕೆಗೆ ಬರುವಂತೆ ಯಾರನ್ನೂ ಒತ್ತಾಯಿಸುವ ಹಾಗಿಲ್ಲ, ಆಸೆ ತೋರಿಸಿ ಎಳೆಯುವ ಹಾಗೂ ಇಲ್ಲ. 2011ರಲ್ಲಿ ವ್ಯಾಟಿಕನ್, ಚರ್ಚುಗಳ ವಿಶ್ವ ಮಂಡಳಿ ಮತ್ತು ಇವ್ಯಾಂಜೆಲಿಕಲ್ ಸಭೆಗಳ ವಿಶ್ವ ಒಕ್ಕೂಟ ಮೂರೂ ಸೇರಿ ನಡವಳಿಕೆಯ ಸೂತ್ರಗಳನ್ನು ಕೊಟ್ಟವು. ಬಡತನವನ್ನು ಬಳಸಿಕೊಳ್ಳಬಾರದು, ಬೇರೆ ಧರ್ಮದ ಬಗ್ಗೆ ಸುಳ್ಳು ಹೇಳಬಾರದು, ಅನ್ನುವುದೆಲ್ಲ ಅದರಲ್ಲಿದೆ. ಹೊರದೇಶಕ್ಕೆ ಹೊರಡುವವರು ಬೈಬಲ್ ಜೊತೆ ಇದನ್ನೂ ಓದಿಕೊಂಡು ಹೋಗಬೇಕು.

ಕಳಿಸುವ ದೇಶ ಆದ ಮೇಲೆ ನಮಗೂ ಒಂದು ಅಪಾಯ ಇದೆ. 1910ರಲ್ಲಿ ಎಡಿನ್‌ಬರೋದಲ್ಲಿ ವಿಶ್ವ ಮಿಷನರಿ ಸಮ್ಮೇಳನ ನಡೆಯಿತು. ಸಾವಿರಕ್ಕೂ ಜಾಸ್ತಿ ಪ್ರತಿನಿಧಿಗಳು, ಅವರಲ್ಲಿ ಏಷ್ಯಾದವರು ತೀರಾ ಕಡಿಮೆ. ಆ ವೇದಿಕೆಯಲ್ಲಿ ತಿರುನೆಲ್ವೇಲಿ ಕಡೆಯ ವಿ. ಎಸ್. ಅಜರಾಯ ಎದ್ದು ನಿಂತು, ನೀವು ನಮಗಾಗಿ ಆಸ್ತಿ ಕೊಟ್ಟಿದ್ದೀರಿ, ಪ್ರಾಣ ಕೊಟ್ಟಿದ್ದೀರಿ, ನಮಗೆ ಸ್ನೇಹಿತರನ್ನೂ ಕೊಡಿ ಅಂತ ಕೇಳಿದರು. ಬಿಳಿಯ ಮಿಷನರಿಗಳು ನಮ್ಮ ಜೊತೆ ಸಮನಾಗಿ ಕೂತು ಉಣ್ಣುವುದಿಲ್ಲ ಅನ್ನುವ ನೋವು ಆ ಮಾತಿನ ಹಿಂದೆ ಇತ್ತು. ಈಗ ಆಫ್ರಿಕಾದ ಒಂದು ಹಳ್ಳಿಯಲ್ಲಿ ಭಾರತದ ಫಾದರ್ ಅಥವಾ ಪಾಸ್ಟರ್ ಅದೇ ಬಿಳಿಯರ ಕುರ್ಚಿಯಲ್ಲಿ ಕೂತು, ಅಲ್ಲಿನವರಿಗೆ ಏನೂ ಗೊತ್ತಿಲ್ಲ ಅನ್ನುವ ಹಾಗೆ ನಡೆದುಕೊಳ್ಳಬಹುದು. ಬಣ್ಣ, ಜಾತಿ ನೋಡುವ ನಮ್ಮ ಚಾಳಿ ಪಾಸ್‌ಪೋರ್ಟ್ ಜೊತೆ ವಿಮಾನ ಹತ್ತುತ್ತದೆ. ನಮ್ಮ ಜಿಲ್ಲೆಯ ಸಿದ್ದಿ ಸಮುದಾಯದವರ ಪೂರ್ವಜರು ಆಫ್ರಿಕಾದಿಂದ ಬಂದವರು, ಬಹಳ ಮಂದಿಯನ್ನು ಗುಲಾಮರಾಗಿ ತಂದಿದ್ದು. ಪಕ್ಕದ ಬೆಂಚಿನಲ್ಲಿ ಕೂತ ಸಿದ್ದಿ ಅಣ್ಣನನ್ನು ಊಟಕ್ಕೆ ಮನೆಗೆ ಕರೆಯದವರು ಆಫ್ರಿಕಾಕ್ಕೆ ಹೋಗಿ ಏನು ಹೇಳುತ್ತಾರೆ? ಹೋಗುವ ಮೊದಲ ತಯಾರಿ ಅಲ್ಲಿಂದ ಶುರುವಾಗಬೇಕು.

ಅಜರಾಯ ಅವರು ಬರೀ ಕೇಳಿ ಸುಮ್ಮನಾಗಲಿಲ್ಲ. 1903ರಲ್ಲಿ ತಿರುನೆಲ್ವೇಲಿಯ ಇಂಡಿಯನ್ ಮಿಷನರಿ ಸೊಸೈಟಿ, 1905ರಲ್ಲಿ ನ್ಯಾಷನಲ್ ಮಿಷನರಿ ಸೊಸೈಟಿ, ಎರಡನ್ನೂ ಕಟ್ಟುವುದರಲ್ಲಿ ಅವರ ಕೈ ಇತ್ತು. ಜನ ನಮ್ಮವರು, ದುಡ್ಡು ನಮ್ಮದು, ಆಡಳಿತ ನಮ್ಮದು ಅನ್ನುವುದು ಅವರ ನಿಯಮ. ಕಥೋಲಿಕರಲ್ಲಿ ಮಿಷನ್ ಕೆಲಸದ ಗುರುಗಳ ಸಂಸ್ಥೆಯಾದ ಗೋವಾದ ಪಿಲಾರ್ 1887ರಲ್ಲಿ ಹುಟ್ಟಿತು, ಮಂಗಳೂರಿನ ಬೆಥನಿ ಸಿಸ್ಟರ್‌ಗಳ ಸಂಸ್ಥೆ 1921ರಲ್ಲಿ. ಕಾರವಾರದವರಿಗೆ ಎರಡೂ ದೂರವಲ್ಲ.

ಹೋಗುವ ದಾರಿ ಹೇಗಿರುತ್ತದೆ? ಒಂದು ದಿನ ಎದ್ದು ಹೊರಡುವುದಲ್ಲ. ಮೊದಲು ಸಂಸ್ಥೆ ಅಥವಾ ಧರ್ಮಪ್ರಾಂತ್ಯ ಅವರನ್ನು ಪರೀಕ್ಷಿಸಬೇಕು, ಆರೋಗ್ಯ, ಸ್ವಭಾವ, ಒಂಟಿತನ ತಡೆಯುವ ಶಕ್ತಿ ಎಲ್ಲ ನೋಡಬೇಕು. ಆ ಕಡೆಯ ಬಿಷಪ್ ಅಥವಾ ಸಭೆ ಕರೆಯಬೇಕು. ವೀಸಾ ಆಗಬೇಕು. ತಲುಪಿದ ಮೇಲೆ ಮೊದಲ ಒಂದೆರಡು ವರ್ಷ ಭಾಷೆ ಕಲಿಯುವುದೇ ಕೆಲಸ. ಇಲ್ಲಿ ಎಂ.ಎ. ಮಾಡಿ ಹೋದವರು ಅಲ್ಲಿ ಸಣ್ಣ ಮಕ್ಕಳ ಹತ್ತಿರ ಅಕ್ಷರ ತಿದ್ದಿಸಿಕೊಳ್ಳಬೇಕಾಗುತ್ತದೆ. ಹೊರಗಿನಿಂದ ನೋಡುವವರಿಗೆ ಆಗ ಏನೂ ನಡೆಯದ ಹಾಗೆ ಕಾಣುತ್ತದೆ, ಊರಿನವರು "ಎಷ್ಟು ಜನಕ್ಕೆ ದೀಕ್ಷಾಸ್ನಾನ ಕೊಟ್ಟಿರಿ" ಅಂತ ಕೇಳುತ್ತಾರೆ. ದಯವಿಟ್ಟು ಆ ಪ್ರಶ್ನೆ ಕೇಳಬೇಡಿ. ಮಾತು ಎಲ್ಲಿಯವರೆಗೆ ಬಂತು, ಜ್ವರ ಬಂದರೆ ನೋಡಿಕೊಳ್ಳುವವರು ಇದ್ದಾರಾ ಅಂತ ಕೇಳಿ. ಹಾಗೆಯೇ ಎರಡು ವಾರಕ್ಕೆ ಹೋಗಿ ಫೋಟೋ ತೆಗೆದು ಬರುವುದು ಮಿಷನ್ ಅಲ್ಲ. ನೋಡಿ ಬರಲು ಹೋಗಬಹುದು, ಅದಕ್ಕೆ ಆ ಹೆಸರೇ ಸಾಕು.

ಇನ್ನು ದುಡ್ಡು. ಮಿಷನ್ ಭಾನುವಾರವನ್ನು ಪೋಪ್ 11ನೇ ಪಿಯುಸ್ 1926ರಲ್ಲಿ ಶುರು ಮಾಡಿದರು. ಅವತ್ತಿನ ಕಾಣಿಕೆಯನ್ನು ಚರ್ಚ್ ತನ್ನ ಖರ್ಚಿಗೆ ಇಟ್ಟುಕೊಳ್ಳುವ ಹಾಗಿಲ್ಲ. ಜಗತ್ತಿನ ಎಲ್ಲ ಕಡೆಯ ಕಾಣಿಕೆಯೂ ಒಂದೇ ಮಿಷನ್ ನಿಧಿಯ ಲೆಕ್ಕಕ್ಕೆ ಸೇರಿ, ಅಲ್ಲಿಂದ ಅಗತ್ಯ ಇರುವ ಧರ್ಮಪ್ರಾಂತ್ಯಗಳಿಗೆ ಹಂಚಿಕೆಯಾಗುತ್ತದೆ. ಇದರ ಬೇರು ಇನ್ನೂ ಹಿಂದಕ್ಕಿದೆ. ಫ್ರಾನ್ಸಿನ ಲಿಯೋನ್ ಊರಿನ ಪೌಲಿನ್ ಜರಿಕೋ ಅನ್ನುವ ಯುವತಿ ರೇಷ್ಮೆ ಗಿರಣಿಯ ಹೆಣ್ಣುಮಕ್ಕಳನ್ನು ಹತ್ತು ಹತ್ತು ಜನರ ಗುಂಪು ಮಾಡಿದಳು. ಒಬ್ಬೊಬ್ಬರೂ ವಾರಕ್ಕೆ ಒಂದು ಸೂ, ಅಂದರೆ ತೀರಾ ಚಿಕ್ಕ ನಾಣ್ಯ, ಕೊಡಬೇಕು, ದಿನಾ ಒಂದು ಪ್ರಾರ್ಥನೆ ಹೇಳಬೇಕು. ಹತ್ತರ ಗುಂಪುಗಳು ನೂರರ ಗುಂಪಾದವು, ನೂರು ಸಾವಿರವಾಯಿತು. 1822ರಲ್ಲಿ ಅದೇ ಒಂದು ಸಂಸ್ಥೆಯಾಯಿತು. ಸರಿಯಾಗಿ 200 ವರ್ಷಕ್ಕೆ, 2022ರಲ್ಲಿ, ಆಕೆಯನ್ನು ಧನ್ಯರೆಂದು, ಅಂದರೆ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗೆ, ಸಾರಿದರು. ನಮ್ಮ ಸ್ವಸಹಾಯ ಸಂಘದ ಅಕ್ಕಂದಿರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ವಾರಕ್ಕೆ ಹತ್ತು ರೂಪಾಯಿಯಂತೆ ಹತ್ತು ಮನೆ ಸೇರಿದರೆ ವರ್ಷಕ್ಕೆ ಐದು ಸಾವಿರ ದಾಟುತ್ತದೆ. ವರ್ಷಕ್ಕೊಮ್ಮೆ ದೊಡ್ಡ ನೋಟು ಹಾಕುವುದಕ್ಕಿಂತ ಇದು ಒಳ್ಳೆಯದು, ಯಾಕೆಂದರೆ ವಾರವಾರ ನೆನಪಾಗುತ್ತದೆ.

ಈಗಾಗಲೇ ಹೊರದೇಶದಲ್ಲಿರುವ ನಮ್ಮವರ ಕಥೆ ಬೇರೆ. ಕುವೈತ್, ದುಬೈ, ಬಹರೇನ್, ಮಸ್ಕತ್‌ನಲ್ಲಿ ನರ್ಸ್, ಡ್ರೈವರ್, ಅಕೌಂಟೆಂಟ್ ಆಗಿ ದುಡಿಯುವವರು, ಹಡಗಿನಲ್ಲಿ ತಿಂಗಳುಗಟ್ಟಲೆ ಇರುವವರು. ಕೊಲ್ಲಿಯ ಚರ್ಚುಗಳಲ್ಲಿ ಬಹುಪಾಲು ಎಲ್ಲರೂ ಹೀಗೆ ದುಡಿಯಲು ಬಂದವರೇ. ಅಲ್ಲಿ ಮಕ್ಕಳಿಗೆ ಕ್ಯಾಟೆಕಿಸಂ, ಅಂದರೆ ಧರ್ಮಪಾಠ, ಕಲಿಸುವವರು ಸಂಬಳದ ಕೆಲಸ ಮುಗಿಸಿ ಬರುವ ಸಾಮಾನ್ಯ ಜನ. ಪೌಲನೂ ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದವನು. ಆ ದೇಶಗಳಲ್ಲಿ ಮುಸ್ಲಿಮರಿಗೆ ಧರ್ಮಪ್ರಚಾರ ಮಾಡುವುದಕ್ಕೆ ಕಾನೂನಿನ ತಡೆ ಇದೆ, ಅದನ್ನು ಮುರಿಯಿರಿ ಅಂತ ಊರಲ್ಲಿ ಕೂತವರು ಹೇಳುವುದು ತಪ್ಪು, ಸಿಕ್ಕಿಬೀಳುವವರು ಅವರು. ಆದರೆ ಲೇಬರ್ ಕ್ಯಾಂಪಿನಲ್ಲಿ ಸಂಬಳ ಸಿಗದೆ ಕೂತ ಒಬ್ಬನಿಗೆ, ಅವನು ಯಾರೇ ಆಗಿರಲಿ, ಊಟ ಕೊಟ್ಟು ಮನೆಗೆ ಫೋನ್ ಮಾಡಿಕೊಡಲು ಯಾವ ಅಡ್ಡಿಯೂ ಇಲ್ಲ. ನಾವಿಕರಿಗಾಗಿ ಸ್ಟೆಲ್ಲಾ ಮಾರಿಸ್ ಅನ್ನುವ ಸೇವೆ 1920ರಲ್ಲಿ ಗ್ಲಾಸ್ಗೊದಲ್ಲಿ ಶುರುವಾಗಿದ್ದು, ಈಗ ಎಷ್ಟೋ ದೇಶಗಳ ಬಂದರುಗಳಲ್ಲಿ ಇದೆ. ಹಡಗಿಗೆ ಹೊರಡುವ ನಮ್ಮ ಹುಡುಗರಿಗೆ ಆ ಹೆಸರು ಗೊತ್ತಿರಲಿ. ಕೊಲ್ಲಿಗೆ, ಹಡಗಿಗೆ ಹೊರಟವರನ್ನು ನಾವು ಮನೆಯಲ್ಲಿ ಊಟ ಹಾಕಿ ಕಳಿಸುತ್ತೇವೆ. ಚರ್ಚಿನಲ್ಲಿ ಮುಂದೆ ಕರೆದು, ತಲೆ ಮೇಲೆ ಕೈಯಿಟ್ಟು ಕಳಿಸುವುದನ್ನೂ ಶುರು ಮಾಡಬಹುದು.

ಅಪ್ಪ ಅಮ್ಮಂದಿರ ಭಯವೂ ನಿಜ. ಈಗ ಮನೆಗೆ ಒಂದೋ ಎರಡೋ ಮಕ್ಕಳು. ಮಗಳು ಸಿಸ್ಟರ್ ಆಗಿ ಮೊಜಾಂಬಿಕ್‌ಗೆ ಹೋಗುತ್ತೇನೆ ಅಂದರೆ ಎದೆ ಒಡೆಯುತ್ತದೆ. ಆದರೂ ದುಬೈ ಕೆಲಸಕ್ಕೆ ಅಂದರೆ ಸಾಲ ಮಾಡಿಯಾದರೂ ಕಳಿಸುತ್ತೇವೆ. ಸಮುದ್ರ ದಾಟಿಸುವ ಧೈರ್ಯ ನಮ್ಮ ತಾಯಂದಿರಿಗೆ ಹೊಸದಲ್ಲ. ಅವರಿಗೆ ಬೇಕಾಗಿರುವುದು ತಾವು ಒಬ್ಬರೇ ಅಲ್ಲ ಅನ್ನುವ ಭರವಸೆ, ಅದನ್ನು ಕೊಡಬೇಕಾದ್ದು ಊರು. ಮಿಷನರಿಯ ತಂದೆ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು, ಮಳೆ ಹಿಡಿಯುವ ಮೊದಲು ಆ ಮನೆಯ ಹಂಚು ಸರಿ ಮಾಡಿಸುವವರು ಯಾರು, ಹಬ್ಬದ ದಿನ ಅವರನ್ನು ಊಟಕ್ಕೆ ಕರೆಯುವವರು ಯಾರು, ಇದನ್ನು ಚರ್ಚಿನ ವಾರ್ಡ್ ಸಭೆಯಲ್ಲಿ ಹೆಸರು ಹಿಡಿದು ತೀರ್ಮಾನಿಸಿ. ಇದೂ ಹೊರದೇಶದ ಮಿಷನ್ ಕೆಲಸವೇ.

ಎಲ್ಲೂ ಹೋಗಲಾಗದವರಿಗೆ ಲಿಸಿಯೂದ ಸಂತ ತೆರೇಸಾ ಇದ್ದಾರೆ. ಹದಿನೈದನೇ ವಯಸ್ಸಿಗೆ ಕಾನ್ವೆಂಟ್ ಸೇರಿ, 24ಕ್ಕೆ ಕ್ಷಯದಿಂದ ತೀರಿಕೊಂಡವರು. ಮಿಷನ್ ದೇಶಕ್ಕೆ ಕಾಲಿಡಲಿಲ್ಲ. ಆದರೆ ಇಬ್ಬರು ಯುವ ಮಿಷನರಿಗಳಿಗೆ, ಒಬ್ಬರು ಚೀನಾಕ್ಕೆ ಹೋದವರು, ಇನ್ನೊಬ್ಬರು ಆಫ್ರಿಕಾಕ್ಕೆ ಹೊರಟಿದ್ದವರು, ಕಾಯಿಲೆಯಲ್ಲೂ ಪತ್ರ ಬರೆಯುತ್ತಲೇ ಇದ್ದರು, ಅವರ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದರು. 1927ರಲ್ಲಿ ಪೋಪ್ ಅವರನ್ನು ಸಂತ ಝೇವಿಯರರ ಜೊತೆಗೆ ಮಿಷನ್‌ಗಳ ಪಾಲಕಿ ಎಂದು ಘೋಷಿಸಿದರು. ಸಾವಿರಾರು ಮೈಲಿ ಓಡಾಡಿದವರಿಗೂ ಕೋಣೆ ಬಿಟ್ಟು ಹೊರಬರದವರಿಗೂ ಒಂದೇ ಸ್ಥಾನ.

ಹಾಗಾಗಿ ಈ ಭಾನುವಾರವೇ ಶುರು ಮಾಡಿ. ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ, ನೀವು ಬೇರೆ ಸಭೆಯವರಾದರೆ ಪಾಸ್ಟರ್ ಹತ್ತಿರ, ನಮ್ಮ ಊರಿನಿಂದ ಅಥವಾ ನಮ್ಮ ತಾಲೂಕಿನಿಂದ ಹೊರದೇಶದಲ್ಲಿ ಮಿಷನ್ ಕೆಲಸದಲ್ಲಿರುವವರು ಯಾರು ಅಂತ ಕೇಳಿ. ಹೆಸರು, ದೇಶ, ಊರು, ಅಲ್ಲಿ ಆಡುವ ಭಾಷೆ, ಹುಟ್ಟಿದ ದಿನ ಬರೆದುಕೊಂಡು ನೋಟೀಸ್ ಬೋರ್ಡಿಗೆ ಹಾಕಿಸಿ. ಭಕ್ತಾದಿಗಳ ಪ್ರಾರ್ಥನೆಯಲ್ಲಿ ಬರೀ 'ಮಿಷನರಿಗಳಿಗಾಗಿ' ಅನ್ನದೆ ಆ ಹೆಸರನ್ನೇ ಓದಿಸಿ. ತಿಂಗಳಿಗೊಮ್ಮೆ ಯುವಕರ ಸಭೆಯಿಂದ ವಾಟ್ಸಾಪ್ ಕಾಲ್ ಮಾಡಿ ಅವರು ಹೇಳಿದ್ದನ್ನು ಸುಮ್ನೆ ಕೇಳಿ. ರಜೆಗೆ ಊರಿಗೆ ಬಂದಾಗ ಪೂಜೆಯ ಕೊನೆಗೆ ಐದು ನಿಮಿಷ ಕೊಟ್ಟು ಮುಗಿಸಬೇಡಿ, ಒಂದು ಸಂಜೆ ಕೂರಿಸಿ, ಮಕ್ಕಳನ್ನು ಮುಂದೆ ಕೂರಿಸಿ, ಪ್ರಶ್ನೆ ಕೇಳಲು ಬಿಡಿ. ಕೇಳಿ ನೋಡಿದರೂ ಒಂದು ಹೆಸರೂ ಸಿಗಲಿಲ್ಲ ಅಂದರೆ, ಪಕ್ಕದ ಚರ್ಚಿನಿಂದ ಹೋದವರನ್ನೇ ನಮ್ಮವರು ಅಂತ ತೆಗೆದುಕೊಳ್ಳಿ, ಮತ್ತು ನಮ್ಮ ಚರ್ಚಿನಿಂದ ಯಾರನ್ನು ಕಳಿಸಬಹುದು ಅಂತ ಅದೇ ವಾರ ಮಾತು ಶುರು ಮಾಡಿ.